ಮಂಗಳೂರಿನ ಕ್ರಿಸ್‌ಮಸ್ ದೀಪಗಳೂ ಬಾಯಮ್ಮನ ಲೆಕ್ಕವೂ

ಡಿಸೆಂಬರ್ 21, 2025, ಭಾನುವಾರ

ಪಂಪ್‌ವೆಲ್‌ನಲ್ಲಿ ಬಸ್ ಇಳಿದಾಗ ಇನ್ನೂ ಪೂರ್ತಿ ಬೆಳಕು ಹರಿದಿರಲಿಲ್ಲ. ಆಟೋ ಹಿಡಿದು ಬೆಂದೂರಿನ ಕಡೆ ಹೊರಟೆವು. ದಾರಿಯುದ್ದಕ್ಕೂ ನಕ್ಷತ್ರಗಳು. ಮನೆಯ ಜಗಲಿಗೆ, ಅಂಗಳದ ಮಾವಿನ ಮರಕ್ಕೆ, ಫ್ಲ್ಯಾಟ್‌ಗಳ ಬಾಲ್ಕನಿಗೆ ಕಟ್ಟಿದ್ದರು. ಕೆಲವು ಇನ್ನೂ ಉರಿಯುತ್ತಿದ್ದವು, ಕೆಲವನ್ನು ಆರಿಸಿಯಾಗಿತ್ತು. "ಇಷ್ಟೇನಾ?" ಅಂದಳು ಹೆಂಡತಿ. ಮೊಬೈಲಿನಲ್ಲಿ ಯಾರೋ ಕಳಿಸಿದ ವಿಡಿಯೋ ನೋಡಿ ದಾವಣಗೆರೆಯಿಂದ ಹೊರಟು ಬಂದವರು ನಾವು. ಮಂಗಳೂರು ದಸರಾದ ದೀಪ ನೋಡಿದ್ದೆವು. ಕ್ರಿಸ್‌ಮಸ್‌ನದ್ದೂ ನೋಡಿಬಿಡೋಣ ಅಂತ ಆಸೆ.

ಬ್ಯಾಂಕಿನಲ್ಲಿ ನನ್ನ ಜೊತೆಗಿದ್ದ ಗೆಳೆಯನ ಮನೆ ಬೆಂದೂರಿನಲ್ಲಿದೆ. ಹಂಚಿನ ಮನೆ, ಮುಂದೆ ಸಣ್ಣ ಅಂಗಳ. ಅವನ ತಾಯಿಯನ್ನು ಅಕ್ಕಪಕ್ಕದವರೆಲ್ಲ ಬಾಯಮ್ಮ ಅನ್ನುತ್ತಾರೆ. ನಾವೂ ಹಾಗೇ ಕರೆದೆವು. ಆಗಷ್ಟೇ ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ ಬಂದಿದ್ದರು. "ಬನ್ನಿ ಬನ್ನಿ, ಮೊದಲು ಕೈಕಾಲು ತೊಳೆಯಿರಿ. ಚಾ ಉಂಟು" ಅಂದರು.

ಚಹಾ ಕುಡಿಯುವ ಮೇಜಿನ ನಡುವೆ ಹಸಿರು ಎಲೆಗಳ ಒಂದು ಚಕ್ರ ಇತ್ತು. ಅದರ ಮೇಲೆ ನಾಲ್ಕು ಮೋಂಬತ್ತಿ. ಮೂರು ನೇರಳೆ ಬಣ್ಣದವು, ಒಂದು ಗುಲಾಬಿ. ಒಂದೊಂದರ ಎತ್ತರ ಒಂದೊಂದು. ಒಂದು ಅರ್ಧಕ್ಕಿಂತ ಜಾಸ್ತಿ ಕರಗಿತ್ತು, ಇನ್ನೊಂದರ ಬತ್ತಿಗೆ ಬೆಂಕಿಯೇ ತಾಗಿರಲಿಲ್ಲ. ನಮ್ಮ ಮುಂದೆಯೇ ಬಾಯಮ್ಮ ಆ ಹೊಸದನ್ನೂ ಹಚ್ಚಿ, ಕೊಂಕಣಿಯಲ್ಲಿ ಏನೋ ಪ್ರಾರ್ಥನೆ ಹೇಳಿಕೊಂಡರು.

ಕ್ರಿಸ್‌ಮಸ್‌ಗೆ ಮೊದಲಿನ ನಾಲ್ಕು ಭಾನುವಾರಗಳನ್ನು ಕೆಥೋಲಿಕರು ಆಗಮನ ಕಾಲ ಅನ್ನುತ್ತಾರೆ. ವಾರಕ್ಕೊಂದು ಮೋಂಬತ್ತಿ ಹೆಚ್ಚುತ್ತಾ ಹೋಗುತ್ತದೆ. ನೇರಳೆ ಬಣ್ಣ ತಯಾರಿಯದ್ದು, ಪಶ್ಚಾತ್ತಾಪದ್ದು. ಮೂರನೇ ಭಾನುವಾರ ಮಾತ್ರ ಗುಲಾಬಿ. ಅರ್ಧಕ್ಕಿಂತ ಜಾಸ್ತಿ ದಾರಿ ಬಂದಾಯಿತು, ಸ್ವಲ್ಪ ಸಂತೋಷಪಡಿ ಅಂತ. ಇವತ್ತು ನಾಲ್ಕನೆಯದು.

"ಒಂದೇ ದಿನ ನಾಲ್ಕೂ ಹಚ್ಚಿದರೆ ಆಗಲ್ವಾ?" ಹೆಂಡತಿ ಕೇಳಿದಳು.

"ಆಗದೆ ಎಂತ ಮಗಾ. ಆದರೆ ಮತ್ತೆ ಮೂರು ವಾರ ಎಂತ ಮಾಡುದು?" ಅಂದರು ಬಾಯಮ್ಮ.

ಗೆಳೆಯ ನಗುತ್ತಾ ಇನ್ನೊಂದು ಸಂಗತಿ ಹೇಳಿದ. ಈ ಚಕ್ರ ಮೂಲದಲ್ಲಿ ಕೆಥೋಲಿಕರದ್ದೇ ಅಲ್ಲವಂತೆ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಯೋಹಾನ್ ವಿಖರ್ನ್ ಎಂಬ ಪ್ರೊಟೆಸ್ಟೆಂಟ್ ಪಾದ್ರಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದರು. ಕ್ರಿಸ್‌ಮಸ್‌ಗೆ ಇನ್ನೆಷ್ಟು ದಿನ ಅಂತ ಮಕ್ಕಳು ದಿನಾ ಪೀಡಿಸುತ್ತಿದ್ದುದಕ್ಕೆ ಗಾಡಿ ಚಕ್ರದ ಮೇಲೆ ಮೋಂಬತ್ತಿ ನಿಲ್ಲಿಸಿ ಲೆಕ್ಕ ತೋರಿಸಿದರು. ಕೆಥೋಲಿಕ್ ಚರ್ಚುಗಳಿಗೆ ಅದು ಬಂದದ್ದು ಎಷ್ಟೋ ಕಾಲದ ಮೇಲೆ. ಬಾಯಮ್ಮನಿಗೆ ಇದರಿಂದ ಏನೂ ಬೇಜಾರಾದಂತೆ ಕಾಣಲಿಲ್ಲ. "ಒಳ್ಳೆದು ಯಾರದ್ದಾದರೆ ಎಂತ" ಅಂದರು.

ನಾವು ಗೆಳೆಯನ ಜೊತೆ ಎಂಟು ಗಂಟೆಯ ಪೂಜೆಗೆ ಬೆಂದೂರಿನ ಸಂತ ಸೆಬಾಸ್ಟಿಯನ್ ಚರ್ಚಿಗೆ ಹೋದೆವು. ಆಗ ಒಂದು ವಿಚಿತ್ರ ಗಮನಕ್ಕೆ ಬಂತು. ರಸ್ತೆಯಲ್ಲಿ ಅಷ್ಟೊಂದು ಅಲಂಕಾರ, ಚರ್ಚಿನ ಒಳಗೆ ಮಾತ್ರ ಏನೂ ಇಲ್ಲ. ಫಾದರ್ ಮೈಮೇಲೆ ನೇರಳೆ ಬಟ್ಟೆ. ಹೂವೂ ಕಡಿಮೆ. ಪ್ರತಿ ಭಾನುವಾರ ಹಾಡುವ ಮಹಿಮೆಯ ಹಾಡನ್ನು ಈ ನಾಲ್ಕು ವಾರ ಹಾಡುವುದಿಲ್ಲವಂತೆ. ಊರು ಹಬ್ಬ ಶುರು ಮಾಡಿ ತಿಂಗಳಾಯಿತು, ಚರ್ಚು ಇನ್ನೂ ಕಾಯುತ್ತಾ ಕೂತಿದೆ! ಆ ದಿನದ ಓದು ಜೋಸೆಫನ ಕನಸಿನದ್ದು. ಮದುವೆಗೆ ನಿಶ್ಚಯವಾದ ಹುಡುಗಿ ಮೇರಿ ಬಸುರಿ ಅಂತ ಗೊತ್ತಾಗಿ ತಲೆ ಕೆಟ್ಟು ಮಲಗಿದವನಿಗೆ ಕನಸಿನಲ್ಲಿ ದೇವದೂತ ದಾರಿ ತೋರಿಸುತ್ತಾನೆ. ಅದೂ ರಾತ್ರಿಯ ಕತೆಯೇ.

ಸಂಜೆ ಗೆಳೆಯನ ಅಕ್ಕ ಬಂದರು. ಅವರು ಸಿಸ್ಟರ್, ಅಂದರೆ ಕ್ರೈಸ್ತ ಸನ್ಯಾಸಿನಿ. ಆಸ್ಪತ್ರೆಯೊಂದರಲ್ಲಿ ನರ್ಸ್. ಅಂಗಳದಲ್ಲಿ ಕೂತು ನಕ್ಷತ್ರಗಳು ಒಂದೊಂದಾಗಿ ಹೊತ್ತಿಕೊಳ್ಳುವುದನ್ನು ನೋಡುತ್ತಿದ್ದೆವು. "ಇವತ್ತು ನಾವು ಕಾನ್ವೆಂಟಿನಲ್ಲಿ ಸೂರ್ಯನನ್ನು ಕರೆಯುವ ದಿನ" ಅಂದರು ಅವರು. ಡಿಸೆಂಬರ್ 17ರಿಂದ 23ರವರೆಗೆ ಸಂಜೆ ಪ್ರಾರ್ಥನೆಯಲ್ಲಿ ದಿನಕ್ಕೊಂದು ಹೆಸರಿನಿಂದ ಯೇಸುವನ್ನು ಕರೆಯುವ ಏಳು ಪುರಾತನ ಸಾಲುಗಳಿವೆ. 21ರ ಹೆಸರು ಉದಯಸೂರ್ಯ. ಕತ್ತಲಲ್ಲಿ, ಸಾವಿನ ನೆರಳಲ್ಲಿ ಕೂತವರಿಗೆ ಬೆಳಕು ಕೊಡಲು ಬಾ ಅಂತ ಅದರ ಅರ್ಥ. ಅದೇ ದಿನ ವರ್ಷದ ಅತಿ ಚಿಕ್ಕ ಹಗಲು ಅನ್ನುವುದು ಗಮನಿಸಬೇಕಾದ್ದು. ಇನ್ನೊಂದು ಕಡೆ, ಯೇಸುವಿಗೆ ಸ್ನಾನದೀಕ್ಷೆ ಕೊಟ್ಟ ಸ್ನಾನಿಕ ಯೊವಾನ್ನನ ಹುಟ್ಟುಹಬ್ಬ ಜೂನ್ 24. ಆಗ ಹಗಲು ಕುಗ್ಗಲು ಶುರು. ಅವನು ಹೆಚ್ಚಬೇಕು, ನಾನು ಕುಗ್ಗಬೇಕು ಅಂತ ಯೇಸುವಿನ ಬಗ್ಗೆ ಯೊವಾನ್ನನೇ ಹೇಳಿದ್ದಾನೆ. ಪಂಚಾಂಗವನ್ನೇ ಪಾಠ ಮಾಡಿಬಿಟ್ಟಿದ್ದಾರೆ ಅನ್ನಿಸಿತು.

ನನಗೆ ಸುಮ್ನೆ ಇರಲಾಗಲಿಲ್ಲ. "ಸಿಸ್ಟರ್, ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುವ ಯುರೋಪಿನವರಿಗೆ ಇದು ಸರಿ. ಮಂಗಳೂರಿನಲ್ಲಿ ಇವತ್ತೂ ಹನ್ನೊಂದೂವರೆ ಗಂಟೆ ಹತ್ತಿರ ಹಗಲು ಇತ್ತಲ್ಲ. ಇಲ್ಲಿ ಡಿಸೆಂಬರ್ ಅಂದರೆ ಬೆವರು ಸ್ವಲ್ಪ ಕಡಿಮೆಯಾಗುವ ತಿಂಗಳು, ಅಷ್ಟೇ" ಅಂದೆ.

ಅವರು ನಕ್ಕರು. ಆಮೇಲೆ ಹೇಳಿದರು: "ನೀವು ಒಂದು ದಿನ ನಮ್ಮ ಐಸಿಯು ಹೊರಗೆ ಬಂದು ಕೂತುಕೊಳ್ಳಿ. ಅಲ್ಲಿ ಕುರ್ಚಿಯಲ್ಲಿ ಕಾಯುತ್ತಾ ಇರುವವರಿಗೆ ಮಧ್ಯಾಹ್ನ ಹನ್ನೆರಡು ಗಂಟೆಯೂ ಕತ್ತಲೆಯೇ. ನಾನು ಆ ಪ್ರಾರ್ಥನೆ ಹೇಳುವಾಗ ನನಗೆ ಅವರ ಮುಖ ಬರ್ತದೆ." ನನ್ನ ಭೂಗೋಳ ಅಲ್ಲಿಗೆ ಮುಗಿಯಿತು.

ಡಿಸೆಂಬರ್ 22, ಸೋಮವಾರ

ಹಂಪನಕಟ್ಟೆ ಸುತ್ತಾಟ. ಬೇಕರಿಗಳ ಮುಂದೆ ಪ್ಲಮ್ ಕೇಕಿಗೆ ಸಾಲು. ಮಾಲ್ ಒಂದರಲ್ಲಿ ಮೂರು ಮಹಡಿ ಎತ್ತರದ ಕ್ರಿಸ್‌ಮಸ್ ಮರ, ಅದರ ಕೆಳಗೆ ಸೆಲ್ಫಿಯವರು. ನಾವೂ ತೆಗೆದುಕೊಂಡೆವು. ಸಾಂತಾ ಇದ್ದ, ಹಿಮಸಾರಂಗ ಇತ್ತು, ಹತ್ತಿಯ ಹಿಮ ಇತ್ತು. ಮಗು ಎಲ್ಲೂ ಕಾಣಲಿಲ್ಲ. ಯಾರ ಹುಟ್ಟುಹಬ್ಬ ಅಂತ ತಿಳಿಯದವರು ಅಲ್ಲಿಗೆ ಬಂದರೆ ಸಾಂತಾನದ್ದೇ ಅಂದುಕೊಂಡು ಹೋಗುತ್ತಾರೆ.

ಮಿಲಾಗ್ರಿಸ್ ಚರ್ಚು ಅಲ್ಲೇ ಹತ್ತಿರ. 1680ರಲ್ಲಿ ಬಿಷಪ್ ಥಾಮಸ್ ಡಿ ಕ್ಯಾಸ್ಟ್ರೊ ಸ್ಥಾಪಿಸಿದ್ದು. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕೆಥೋಲಿಕರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಈ ಚರ್ಚನ್ನೂ ಕೆಡವಲಾಯಿತು. ಬದುಕಿ ಉಳಿದವರು ವಾಪಸು ಬಂದದ್ದು 1799ರಲ್ಲಿ ಟಿಪ್ಪು ಸತ್ತ ಮೇಲೆ. ಈಗಿರುವ ಕಟ್ಟಡ 1911ರದ್ದು. ಆಳುಗಳು ಅದರ ಮುಂಭಾಗಕ್ಕೆ ದೀಪದ ಸರ ಬಿಗಿಯುತ್ತಿದ್ದರು. ಹದಿನೈದು ವರ್ಷ ಒಂದು ಊರಿನ ಇಗರ್ಜಿಗಳಲ್ಲಿ ಕ್ರಿಸ್‌ಮಸ್ ದೀಪ ಇರಲಿಲ್ಲ ಅನ್ನುವುದು ನೆನಪಿದ್ದರೆ ಆ ಸರ ಬರೀ ಅಲಂಕಾರವಾಗಿ ಕಾಣುವುದಿಲ್ಲ.

ಸಂಜೆ ರೊಜಾರಿಯೋ ಕೆಥೆಡ್ರಲ್. ಪೋರ್ಚುಗೀಸರು 1568ರಲ್ಲಿ ಶುರು ಮಾಡಿದ ಇಗರ್ಜಿ. ಈಗಿನ ಕಟ್ಟಡ ಇಪ್ಪತ್ತನೇ ಶತಮಾನದ್ದು, ದೊಡ್ಡ ಗುಮ್ಮಟ ಇದೆ. ಗುಮ್ಮಟದ ತುದಿಯ ಶಿಲುಬೆಗೆ ಹಚ್ಚುವ ದೀಪ ಕಡಲಿನಲ್ಲಿ ಹೋಗುವವರಿಗೂ ಕಾಣುತ್ತದೆ ಅಂತ ಇಲ್ಲಿಯವರು ಹೇಳುತ್ತಾರೆ. ನಾವು ಹೊರಗಿನ ತಯಾರಿ ನೋಡುತ್ತಾ ನಿಂತಿದ್ದೆವು. ಗೆಳೆಯ ಒಳಗೆ ಕರೆದುಕೊಂಡು ಹೋಗಿ ಪೀಠದ ಹತ್ತಿರದ ಒಂದು ಸಣ್ಣ ದೀಪ ತೋರಿಸಿದ.

"ನಮಗೆ ದೊಡ್ಡ ದೀಪ ಇದು" ಅಂದ.

ಪರಮಪ್ರಸಾದ, ಅಂದರೆ ಯೇಸುವಿನ ಶರೀರವೆಂದು ನಂಬುವ ಪೂಜೆಯ ರೊಟ್ಟಿ, ಇಡುವ ಪೆಟ್ಟಿಗೆಯ ಬಳಿ ಯಾವತ್ತೂ ಉರಿಯುವ ದೀಪ. ಒಳಗೆ ಯೇಸು ಇದ್ದಾನೆ ಅನ್ನುವುದಕ್ಕೆ ಗುರುತು. ಚರ್ಚಿನ ಕಾನೂನೇ ಇದನ್ನು ಹೇಳುತ್ತದೆ. ಶುಭ ಶುಕ್ರವಾರದ ಹೊತ್ತಿಗೆ ಆ ಪೆಟ್ಟಿಗೆಯನ್ನು ಖಾಲಿ ಮಾಡುತ್ತಾರೆ, ಆಗ ಈ ದೀಪವೂ ಇರುವುದಿಲ್ಲ. ಉಳಿದಂತೆ ವರ್ಷವಿಡೀ ಇದೆ. ವಿಡಿಯೋ ಮಾಡಲು ಏನೂ ಇಲ್ಲ. ಜನ ಮಾತ್ರ ಅದರ ಮುಂದೆ ಬಂದು ಮೊಣಕಾಲೂರಿ ಹೋಗುತ್ತಿದ್ದರು.

ಡಿಸೆಂಬರ್ 23, ಮಂಗಳವಾರ

ಇವತ್ತು ಹೊರಗೆ ಎಲ್ಲೂ ಹೋಗಲಿಲ್ಲ. ಹೋಗಲು ಬಿಡಲಿಲ್ಲ ಅಂದರೆ ಸರಿ. ಬೆಳಗ್ಗೆಯಿಂದ ಹೆಂಡತಿಯನ್ನು ಕುಸ್ವಾರ್ ಮಾಡಲು ಕೂರಿಸಿಕೊಂಡರು. ಕ್ರಿಸ್‌ಮಸ್ ತಿಂಡಿಗಳಿಗೆಲ್ಲ ಸೇರಿ ಆ ಹೆಸರು. ಫೋರ್ಕಿನ ಬೆನ್ನಿಗೆ ಹಿಟ್ಟಿನ ಉಂಡೆ ಒತ್ತಿ ಸುರುಳಿ ಮಾಡಿದರೆ ಕಿಡಿಯೊ. ಒಳಗೆ ಎಳ್ಳು, ಸಕ್ಕರೆ, ಕಾಯಿ ತುಂಬಿದರೆ ನೆವ್ರಿ. ನಮ್ಮ ಕರ್ಜಿಕಾಯಿಯೇ ಅದು. ಹೂವಿನ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟರೆ ಗುಲಾಬಿ ಹೂವಿನ ಕೊಕ್ಕಿಸ್. ಚಕ್ಕುಲಿಯೂ ಇದರಲ್ಲಿ ಸೇರಿದೆ.

ನನಗೆ ಸಿಕ್ಕ ಕೆಲಸ ಗೋದಲಿಯದ್ದು, ಅಂದರೆ ಯೇಸು ಹುಟ್ಟಿದ ಹಟ್ಟಿಯ ಮಾದರಿ ಕಟ್ಟುವುದು. ವಾಳೆಯ, ಅಂದರೆ ಆ ಕೇರಿಯ, ಹುಡುಗರು ರಸ್ತೆ ತಿರುವಿನಲ್ಲಿ ದೊಡ್ಡದೊಂದು ಕಟ್ಟುತ್ತಿದ್ದರು, ಮನೆಯಲ್ಲಿ ಬಾಯಮ್ಮನದ್ದು ಸಣ್ಣದು. ಸಿಮೆಂಟ್ ಚೀಲದ ಕಾಗದವನ್ನು ಮುದ್ದೆ ಮಾಡಿ ಬಣ್ಣ ಬಳಿದರೆ ಬಂಡೆ. ಮೇಲೆ ಮುಳಿಹುಲ್ಲಿನ ಮಾಡು. ಮುರಕಲ್ಲಿನ ಗೋಡೆಯಿಂದ ಎಬ್ಬಿಸಿ ತಂದ ಪಾಚಿ. ಹತ್ತು ದಿನ ಮೊದಲೇ ತಟ್ಟೆಯಲ್ಲಿ ರಾಗಿ ಚೆಲ್ಲಿ ಮೊಳಕೆ ಬರಿಸಿದ್ದರು, ಅದು ಕುರಿಗಳಿಗೆ ಹುಲ್ಲುಗಾವಲು. ಎರಡು ಸಾವಿರ ವರ್ಷದ ಹಿಂದಿನ ಬೆತ್ಲೆಹೇಮನ್ನು ಹೀಗೆ ಪೂರ್ತಿ ತುಳುನಾಡಿನ ಸಾಮಾನಿನಲ್ಲಿ ಕಟ್ಟುತ್ತಾರೆ. ಬಾಯಮ್ಮನ ಗೋದಲಿಯಲ್ಲಿ ಒಂದು ಹುಂಜವೂ ಇತ್ತು. ಬೈಬಲಿನಲ್ಲಿ ಆ ರಾತ್ರಿ ಹುಂಜ ಇಲ್ಲ. ಕೇಳಿದೆ. "ಹಟ್ಟಿ ಅಂದ ಮೇಲೆ ಕೋಳಿ ಇರುದಿಲ್ವಾ?" ಅಂದರು.

ಮೇರಿ, ಜೋಸೆಫ್, ಕುರುಬರು, ಎತ್ತು, ಕತ್ತೆ ಎಲ್ಲ ಇಟ್ಟಾಯಿತು. ನಡುವೆ ಹುಲ್ಲು ಹಾಸಿದ ಮೇವಿನ ತೊಟ್ಟಿ ಮಾತ್ರ ಖಾಲಿ. ಮಗುವಿನ ಮೂರ್ತಿ ಎಲ್ಲಿ ಅಂತ ಹುಡುಕಿದೆ. ಅದು ಬಾಯಮ್ಮನ ಕಪಾಟಿನಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿತ್ತು. "ನಾಳೆ ರಾತ್ರಿ. ಈಗ ಮುಟ್ಟಬೇಡಿ."

ಗೋದಲಿ ಕಟ್ಟುವ ಪದ್ಧತಿಗೂ ಒಂದು ರಾತ್ರಿಯ ಕತೆ ಇದೆ. ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದ ಊರಿನಲ್ಲಿ 1223ರ ಕ್ರಿಸ್‌ಮಸ್ ರಾತ್ರಿ ಅಸ್ಸೀಸಿಯ ಸಂತ ಫ್ರಾನ್ಸಿಸ್ ಹುಲ್ಲು ತರಿಸಿ, ಎತ್ತು ಕತ್ತೆ ನಿಲ್ಲಿಸಿ, ಅಲ್ಲೇ ಪೂಜೆ ಮಾಡಿಸಿದರು. ಮೂರ್ತಿಗಳನ್ನು ಇಟ್ಟಿರಲಿಲ್ಲ. ಸುತ್ತಲಿನ ಜನ ಮೋಂಬತ್ತಿ, ದೊಂದಿ ಹಿಡಿದು ಬಂದರು ಅಂತ ಆ ಕಾಲದ ಬರಹದಲ್ಲೇ ಇದೆ. ಇದನ್ನು ಗೆಳೆಯ ಹೇಳುತ್ತಿದ್ದಂತೆ ಬಾಯಮ್ಮ ನಡುವೆ ಬಾಯಿ ಹಾಕಿದರು. ಅವರ ತವರು ಕಿನ್ನಿಗೋಳಿ ಕಡೆ. ಸಣ್ಣವರಿದ್ದಾಗ ಕ್ರಿಸ್‌ಮಸ್ ಪೂಜೆ ನಡುರಾತ್ರಿ ಹನ್ನೆರಡಕ್ಕೇ ಇತ್ತು. ತೆಂಗಿನ ಒಣಗಿದ ಗರಿ ಕಟ್ಟಿದ ತೂಟೆ ಹಚ್ಚಿಕೊಂಡು ಗದ್ದೆಯ ಬದುವಿನ ಮೇಲೆ ಸಾಲಾಗಿ ಹೋಗುತ್ತಿದ್ದರಂತೆ. "ದೂರದಿಂದ ನೋಡಿದರೆ ಬೆಂಕಿಯೇ ನಡೆದು ಬಂದ ಹಾಗೆ. ಆಗ ಕರೆಂಟು ಎಲ್ಲಿತ್ತು. ದಾರಿಗೆ ಬೇಕಾಗಿತ್ತು, ಹಿಡಿದೆವು. ಚಂದಕ್ಕೆ ಅಲ್ಲ."

ಈ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಕ್ರಿಸ್‌ಮಸ್ ದೀಪಕ್ಕೆ ಮೂಲದಲ್ಲಿ ಒಂದು ಕೆಲಸ ಇತ್ತು. ಎಲ್ಲಿಗೋ ಹೋಗುವವರಿಗೆ ದಾರಿ ಕಾಣಿಸಬೇಕಿತ್ತು. ಬೈಬಲಿನ ಮತ್ತಾಯನ ಶುಭಸಂದೇಶದಲ್ಲಿ ಬರುವ ನಕ್ಷತ್ರದ್ದೂ ಅದೇ ಕೆಲಸ. ಮೂಡಣದ ಜ್ಞಾನಿಗಳನ್ನು ಕರೆತಂದು ಮಗು ಇದ್ದ ಜಾಗದ ಮೇಲೆ ನಿಲ್ಲುತ್ತದೆ. ಅವರು ಮನೆಯ ಒಳಗೆ ಹೋಗುತ್ತಾರೆ. ಆಮೇಲೆ ಕತೆಯಲ್ಲಿ ನಕ್ಷತ್ರದ ಸುದ್ದಿಯೇ ಇಲ್ಲ! ಯಾರೂ ಹಿಂತಿರುಗಿ ಅದನ್ನು ನೋಡುತ್ತಾ ನಿಲ್ಲುವುದಿಲ್ಲ. ನಾನು ದಾವಣಗೆರೆಯಿಂದ ಬಂದದ್ದು ನಕ್ಷತ್ರ ನೋಡಲು ಮಾತ್ರ ಅಲ್ವಾ.

ಸಂಜೆ ರಸ್ತೆ ತಿರುವಿನಲ್ಲಿ ಲೈಟಿಂಗ್ಸ್ ಹುಡುಗ ಕೆಲಸ ಮಾಡುತ್ತಿದ್ದ. ಬಜಪೆಯವನು. ಏಣಿಯ ಮೇಲಿನಿಂದಲೇ ಮಾತಾಡಿದ. ಇದೇ ಸೀರಿಯಲ್ ಸೆಟ್‌ಗಳು ದಸರಾದಲ್ಲಿ ಕುದ್ರೋಳಿ ಕಡೆ ಇದ್ದವಂತೆ, ದೀಪಾವಳಿಗೆ ಅಂಗಡಿಗಳಲ್ಲಿ. ಕ್ರಿಸ್‌ಮಸ್ ಮುಗಿದ ಮೇಲೆ ಚರ್ಚುಗಳ ವಾರ್ಷಿಕ ಹಬ್ಬ, ಜಾತ್ರೆ, ಭೂತಗಳ ನೇಮ. ಬೇಸಿಗೆವರೆಗೂ ಬಲ್ಬಿಗೆ ಬಿಡುವಿಲ್ಲ.

"ಎಲ್ಲಿಗೆ ಯಾವುದು ಅಂತ ವ್ಯತ್ಯಾಸ ಉಂಟಾ?" ಅಂತ ಗೆಳೆಯ ಕೇಳಿದ.

"ಬಲ್ಬಿಗೆ ಗೊತ್ತಾಗುದಿಲ್ಲ ಸರ್. ಇಲ್ಲಿ ಫಾದರ್ ಬಿಳಿ, ಹಳದಿ ಸಾಕು ಅಂತಾರೆ. ಹುಡುಗರಿಗೆ ಎಲ್ಲ ಕಲರ್ ಬೇಕು. ನಾನು ಎರಡನ್ನೂ ಹಾಕ್ತೇನೆ."

ಬಾಯಮ್ಮ ಹೇಳಿದ ಹಳೆಯ ನಕ್ಷತ್ರ ಬಿದಿರು ಕಡ್ಡಿ, ಬಣ್ಣದ ಕಾಗದದ್ದು. ದೀಪಾವಳಿಯ ಗೂಡುದೀಪ ಕಟ್ಟುವ ಕೈಯೇ ಅದನ್ನೂ ಕಟ್ಟುತ್ತಿತ್ತು. ಒಳಗೆ ಮೋಂಬತ್ತಿ ಇಡುತ್ತಿದ್ದರು. ಗಾಳಿ ಬಂದರೆ ನಕ್ಷತ್ರಕ್ಕೇ ಬೆಂಕಿ! ಈಗ ಎಲ್‌ಇಡಿ. ನಕ್ಷತ್ರ ಸ್ಪರ್ಧೆ, ಗೋದಲಿ ಸ್ಪರ್ಧೆ, ಬಹುಮಾನ ಎಲ್ಲ ಬಂದಿದೆ. ಸ್ಪರ್ಧೆಯಿಂದ ಭಕ್ತಿ ಹಾಳಾಗುತ್ತದೆ ಅಂತ ಒಬ್ಬರು ಹಿರಿಯರು ಅಲ್ಲೇ ನಿಂತು ಬೈಯುತ್ತಿದ್ದರು. ನನಗೆ ಹಾಗೆ ಅನ್ನಿಸಲಿಲ್ಲ. ರಾತ್ರಿ ಹನ್ನೊಂದರವರೆಗೆ ಮೊಬೈಲ್ ಕೆಳಗಿಟ್ಟು ಹದಿನೈದು ಹುಡುಗರು ಒಟ್ಟಿಗೆ ಪಾಚಿ ಅಂಟಿಸುತ್ತಾರೆ ಅಂದರೆ ಬಹುಮಾನದ ಆಸೆ ಇದ್ದರೆ ಇರಲಿ ಬಿಡಿ.

ಡಿಸೆಂಬರ್ 24, ಬುಧವಾರ

ಮಧ್ಯಾಹ್ನದಿಂದಲೇ ಊರಿನ ನಡಿಗೆ ಬೇರೆಯಾಯಿತು. ಇಸ್ತ್ರಿ, ಹೊಸ ಬಟ್ಟೆ, ಸ್ನಾನಕ್ಕೆ ಸರದಿ. ಪಾಪನಿವೇದನೆಗೆ ಹೋಗದೆ ಉಳಿದವರು ಗಡಿಬಿಡಿಯಲ್ಲಿ ಚರ್ಚಿಗೆ ಓಡಿದರು. ಹೊರಗೆ ದೀಪ ಹಾಕಿ ಒಳಗೆ ಗುಡಿಸದಿದ್ದರೆ ಹೇಗೆ ಅಂತ ಬಾಯಮ್ಮ ಮೊಮ್ಮಗನನ್ನು ಅಟ್ಟಿದರು.

ನಡುರಾತ್ರಿಯ ಪೂಜೆ ಅಂತ ಹೆಸರು, ಆದರೆ ಈಗ ಇಲ್ಲಿ ತುಂಬ ಚರ್ಚುಗಳಲ್ಲಿ ಅದು ಸಂಜೆಗೇ ಆಗುತ್ತದೆ. ನಾವು ಏಳಕ್ಕೆ ಹೋದಾಗ ಮೈದಾನ ಅರ್ಧ ತುಂಬಿತ್ತು. ಬಯಲಿನಲ್ಲೇ ವೇದಿಕೆ, ಅದರ ಮೇಲೆ ಪೀಠ, ಸಾಲು ಸಾಲು ಕುರ್ಚಿ. ಗಾಯನ ತಂಡ ಕೊಂಕಣಿ ಕ್ಯಾರಲ್ ಹಾಡುತ್ತಿತ್ತು. ಹೆಂಡತಿಗೆ ಕೊನೆಗೂ ತೃಪ್ತಿಯಾಯಿತು. ಚರ್ಚಿನ ಮುಂಭಾಗ, ಗಂಟೆಗೋಪುರ, ಮರಗಳು, ಗೇಟು ಎಲ್ಲ ಝಗಮಗ.

ಪೂಜೆ ಶುರುವಾದ ಮೇಲೆ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಫಾದರ್ ಮೈಮೇಲೆ ನೇರಳೆ ಹೋಗಿ ಬಿಳಿ, ಬಂಗಾರದ ಅಂಚಿನ ಬಟ್ಟೆ ಬಂದಿತ್ತು. ಆರಂಭದ ಪ್ರಾರ್ಥನೆ ಆಗಿ, ನಾಲ್ಕು ವಾರ ಮುಚ್ಚಿಟ್ಟಿದ್ದ ಮಹಿಮೆಯ ಹಾಡನ್ನು ಎತ್ತಿಕೊಂಡರು. ಅದೇ ಕ್ಷಣ ಗಂಟೆಗಳು. ಗೋಪುರದ ದೊಡ್ಡ ಗಂಟೆ, ಪೀಠದ ಬಳಿ ಹುಡುಗರ ಕೈಗಂಟೆಗಳು, ಎಲ್ಲ ಒಟ್ಟಿಗೆ. ಗೋದಲಿಯ ಮೇಲಿನ ನಕ್ಷತ್ರ ಆಗ ಹೊತ್ತಿಕೊಂಡಿತು. ಅಲ್ಲಿಯವರೆಗೆ ಅದೊಂದನ್ನು ಆರಿಸಿಯೇ ಇಟ್ಟಿದ್ದರು, ನಾನು ಗಮನಿಸಿರಲಿಲ್ಲ. ನನ್ನ ಪಕ್ಕದಲ್ಲಿದ್ದ ಒಬ್ಬ ಅಜ್ಜಿ ಕಣ್ಣೊರೆಸಿಕೊಂಡರು. ತಿಂಗಳಿಡೀ ಈ ಹಾಡನ್ನು ಕೇಳಿಸಿಕೊಂಡೇ ಬಂದಿದ್ದರೆ ಅವರಿಗೆ ಅಳು ಬರುತ್ತಿರಲಿಲ್ಲ ಅಂತ ಕಾಣುತ್ತದೆ.

ಮೊದಲ ಓದು ಪ್ರವಾದಿ ಯೆಶಾಯನದ್ದು. ಕತ್ತಲಲ್ಲಿ ನಡೆಯುತ್ತಿದ್ದ ಜನ ದೊಡ್ಡ ಬೆಳಕು ಕಂಡರು ಅನ್ನುವ ಭಾಗ. ಕ್ರಿಸ್‌ಮಸ್ ರಾತ್ರಿ ಜಗತ್ತಿನ ಎಲ್ಲ ರೋಮನ್ (ಲ್ಯಾಟಿನ್) ಪದ್ಧತಿಯ ಕೆಥೋಲಿಕ್ ಚರ್ಚುಗಳಲ್ಲೂ ಇದೇ ಓದು. ಆಮೇಲೆ ಲೂಕನ ಶುಭಸಂದೇಶ. ಹೊಲದಲ್ಲಿ ರಾತ್ರಿ ಕುರಿ ಕಾಯುವವರ ಸುತ್ತ ದೇವರ ತೇಜಸ್ಸು ಬೆಳಗುತ್ತದೆ. ಅವರು ಹೆದರುತ್ತಾರೆ. ನನಗೆ ಇಷ್ಟವಾದದ್ದು ಆ ಹೆದರಿಕೆ. ನಾವು ದೀಪ ಅಂದರೆ ಬರೀ ಚಂದ ಅಂದುಕೊಳ್ಳುತ್ತೇವೆ. ಕತ್ತಲಿಗೆ ಒಗ್ಗಿಹೋದ ಕಣ್ಣಿಗೆ ಬೆಳಕು ಮೊದಲು ಚುಚ್ಚುತ್ತದೆ. ಪ್ರವಚನದಲ್ಲಿ ಫಾದರ್ ಕೂಡ ಅದನ್ನೇ ಹಿಡಿದರು. ಮನೆಗೆ ನಕ್ಷತ್ರ ಕಟ್ಟಿದ್ದೀರಿ, ಪಕ್ಕದ ಮನೆಯ ಜೊತೆ ಮಾತು ಬಿಟ್ಟು ಎಷ್ಟು ವರ್ಷ ಆಯಿತು ಅಂತ ಕೇಳಿದರು. ಮೈದಾನದಲ್ಲಿ ಸ್ವಲ್ಪ ಕುರ್ಚಿ ಸದ್ದಾಯಿತು.

ವಿಶ್ವಾಸದ ಪ್ರಮಾಣ ಹೇಳುವಾಗ ಗೆಳೆಯ ನನ್ನ ಕಿವಿಯಲ್ಲಿ ಅರ್ಥ ಹೇಳುತ್ತಾ ಹೋದ. ಕ್ರಿ.ಶ. 325ರಲ್ಲಿ ನೈಸೀಯ ಎಂಬ ಊರಿನಲ್ಲಿ ಬಿಷಪರೆಲ್ಲ ಸೇರಿ ರೂಪಿಸಿದ ಪ್ರಮಾಣ ಅದು, 2025ಕ್ಕೆ 1700 ವರ್ಷ. ಅದರಲ್ಲಿ ಯೇಸುವನ್ನು ದೇವರಿಂದ ಬಂದ ದೇವರು, ಬೆಳಕಿನಿಂದ ಬಂದ ಬೆಳಕು ಅನ್ನುತ್ತಾರೆ. ಒಂದು ದೀಪದಿಂದ ಇನ್ನೊಂದನ್ನು ಹಚ್ಚಿದರೆ ಮೊದಲಿನದ್ದು ಕಡಿಮೆಯಾಗುವುದಿಲ್ಲ, ಎರಡನೆಯದು ಬೇರೆ ಜಾತಿಯ ಬೆಂಕಿಯೂ ಅಲ್ಲ. ತಂದೆಗೂ ಮಗನಿಗೂ ಇರುವ ಸಂಬಂಧ ಹೇಳಲು ಅವರಿಗೆ ಸಿಕ್ಕಿದ್ದು ದೀಪವೇ. ಅದಾಗಿ ಸ್ವಲ್ಪ ಹೊತ್ತಿಗೆ, ಆತ ಮನುಷ್ಯನಾದ ಅನ್ನುವ ಮಾತು ಬಂದಾಗ, ಇಡೀ ಮೈದಾನ ಮೊಣಕಾಲೂರಿತು. ಬೇರೆ ಭಾನುವಾರಗಳಲ್ಲಿ ಅಲ್ಲಿ ತಲೆ ಬಾಗಿಸಿದರೆ ಸಾಕು, ಕ್ರಿಸ್‌ಮಸ್‌ಗೆ ಮೊಣಕಾಲೂರಬೇಕು. ರೇಷ್ಮೆ ಸೀರೆ, ಹೊಸ ಸೂಟು, ಕೆಂಪು ಮಣ್ಣು. ಯಾರೂ ಯೋಚನೆ ಮಾಡಲಿಲ್ಲ. ತಲೆಯ ಮೇಲೆ ಸಾವಿರ ಬಲ್ಬು ಉರಿಯುತ್ತಿದ್ದವು, ನೋಡುವವರು ನಾವಿಬ್ಬರೇ. ಉಳಿದವರೆಲ್ಲ ನೆಲ ನೋಡುತ್ತಿದ್ದರು.

ಪೂಜೆ ಮುಗಿದ ಮೇಲೆ ಕೇಕು, ಕಾಫಿ, ಕೈಕುಲುಕುವುದು. ಮನೆಗೆ ಬಂದಾಗ ಬಾಯಮ್ಮ ಕಪಾಟು ತೆಗೆದರು. ಮನೆಯ ಅತಿ ಚಿಕ್ಕ ಮೊಮ್ಮಗಳ ಕೈಗೆ ಮೂರ್ತಿ ಕೊಟ್ಟರು. ಅವಳು ಅದನ್ನು ಹುಲ್ಲಿನ ಮೇಲೆ ಮಲಗಿಸಿ, ಚಳಿ ಆಗುತ್ತೆ ಅಂತ ತನ್ನ ಕರವಸ್ತ್ರ ಹೊದಿಸಿದಳು. ದೇವರ ಮುಖವೇ ಮುಚ್ಚಿಹೋಯಿತು. ದೊಡ್ಡವರು ನಕ್ಕರು, ಸರಿ ಮಾಡಲು ಯಾರೂ ಹೋಗಲಿಲ್ಲ.

ಡಿಸೆಂಬರ್ 25, ಗುರುವಾರ

ಕ್ರಿಸ್‌ಮಸ್‌ಗೆ ರಾತ್ರಿ, ನಸುಕು, ಹಗಲು ಅಂತ ಮೂರು ಬೇರೆ ಬೇರೆ ಪೂಜೆಗಳಿವೆ. ಹಗಲಿನದ್ದಕ್ಕೆ ಗೆಳೆಯ ಒಬ್ಬನೇ ಹೋಗಿ ಬಂದ. ಅದರಲ್ಲಿ ಹಟ್ಟಿ, ಕುರುಬರು ಯಾರೂ ಬರುವುದಿಲ್ಲವಂತೆ. ಯೊವಾನ್ನನ (ಇವನು ಸ್ನಾನಿಕನಲ್ಲ, ಬೇರೆಯವನು) ಶುಭಸಂದೇಶದ ಆರಂಭ ಓದುತ್ತಾರೆ. ಬೆಳಕು ಕತ್ತಲಲ್ಲಿ ಬೆಳಗುತ್ತದೆ, ಕತ್ತಲಿಗೆ ಅದನ್ನು ಗೆಲ್ಲಲು ಆಗಲಿಲ್ಲ ಅನ್ನುವ ಮಾತು ಅಲ್ಲಿದೆ. ಗಮನಿಸಿ, ಕತ್ತಲೆ ಹೋಯಿತು ಅಂತ ಅಲ್ಲಿ ಹೇಳಿಲ್ಲ.

ಬೆಳಗ್ಗೆಯಿಡೀ ಕುಸ್ವಾರ್ ತಟ್ಟೆಗಳು ಅಕ್ಕಪಕ್ಕದ ಮನೆಗಳಿಗೆ ಹೋದವು. ಎದುರು ಮನೆಯ ಶೆಟ್ಟರು, ಹಿಂದಿನ ಮನೆಯ ಭಟ್ಟರು, ಮೂಲೆಯ ಬ್ಯಾರಿಗಳ ಮನೆ. ಚೌತಿಗೆ ಬಂದ ತಟ್ಟೆ, ಪೆರ್ನಾಲಿಗೆ, ಅಂದರೆ ಈದ್‌ಗೆ, ಬಂದ ಡಬ್ಬಿ ಬಾಯಮ್ಮನಿಗೆ ನೆನಪಿತ್ತು. ಮಧ್ಯಾಹ್ನ ಇಡ್ಲಿಯಂಥ ಸಾನ್ನಾಂ ಮತ್ತು ಹಂದಿ ಮಾಂಸ. ನಮಗಾಗಿ ಬಟಾಣಿ ಗಸಿ ಬೇರೆ.

ಸಂಜೆ ಕಾರಿನಲ್ಲಿ ಉಡುಪಿ ದಾಟಿ ಕಲ್ಯಾಣಪುರಕ್ಕೆ ಹೋದೆವು. ಅಲ್ಲಿಯ ಮಿಲಾಗ್ರಿಸ್ 1678ರಷ್ಟು ಹಳೆಯದು, 2012ರಲ್ಲಿ ಉಡುಪಿ ಧರ್ಮಪ್ರಾಂತ್ಯ ಆದಾಗ ಕೆಥೆಡ್ರಲ್ ಆಯಿತು. ಅಲಂಕಾರ ಮಂಗಳೂರಿಗಿಂತ ಕಡಿಮೆ, ಜನವೂ ಕಡಿಮೆ. ನನಗೆ ಇದೇ ಹಿಡಿಸಿತು. ಚರ್ಚಿನ ಗೋದಲಿಯ ಮುಂದೆ ಒಂದು ಕುಟುಂಬ ಕೂತು ತೇರ್ಸ್, ಅಂದರೆ ಜಪಸರ, ಹೇಳುತ್ತಿತ್ತು. ಇನ್ನೊಂದು ಕಡೆ ಸ್ಕೂಟರಿನಲ್ಲಿ ಬಂದ ಬುರ್ಖಾದ ಹುಡುಗಿಯರು ಮಕ್ಕಳಿಗೆ ಕುರಿ ತೋರಿಸುತ್ತಿದ್ದರು. 2019ರಲ್ಲಿ ಪೋಪ್ ಫ್ರಾನ್ಸಿಸ್ ಗೋದಲಿಯ ಬಗ್ಗೆ ಒಂದು ಪತ್ರ ಬರೆದಿದ್ದರು, ಅದೂ ಗ್ರೆಚ್ಚೊದಲ್ಲೇ ಸಹಿ ಹಾಕಿದ್ದು. ಗೋದಲಿಯ ಹಿಂದೆ ರಾತ್ರಿಯ ಆಕಾಶವನ್ನು ಯಾಕೆ ಬಿಡಿಸುತ್ತೇವೆ ಅಂತ ಅದರಲ್ಲಿ ಕೇಳಿದ್ದಾರೆ. ಬದುಕಿನಲ್ಲಿ ನಾವು ಕಂಡ ಕತ್ತಲೆಗಳನ್ನು ಅದು ನೆನಪಿಸಬೇಕು, ಅಲ್ಲೂ ದೇವರು ಒಂಟಿಯಾಗಿ ಬಿಡುವುದಿಲ್ಲ ಅನ್ನುವುದು ಅವರ ಮಾತಿನ ಸಾರ. ಕಲ್ಯಾಣಪುರದ ಗೋದಲಿಯಲ್ಲಿ ಕಪ್ಪು ಬಟ್ಟೆಗೆ ತೂತು ಮಾಡಿ ಹಿಂದಿನಿಂದ ಬಲ್ಬು ಇಟ್ಟಿದ್ದರು. ಸೋವಿ ಉಪಾಯ. ಆದರೂ ಮಂಗಳೂರಿನ ಎಲ್ಲ ಎಲ್‌ಇಡಿಗಿಂತ ನನಗೆ ಅದು ಚೆನ್ನಾಗಿ ಕಂಡಿತು, ಬೇಕಾದಷ್ಟು ಕತ್ತಲೆ ಇತ್ತಲ್ಲ.

ವಾಪಸು ಬರುವಾಗ ಉಡುಪಿಯಲ್ಲಿ ಕೃಷ್ಣಮಠದ ಪರ್ಯಾಯದ ತಯಾರಿಯ ಮಾತು ಕೇಳಿಸಿತು. ಜನವರಿ 18 ಹತ್ತಿರ ಬರುತ್ತಿತ್ತು. ಬಜಪೆಯ ಹುಡುಗನ ಬಲ್ಬುಗಳಿಗೆ ಅಲ್ಲೂ ಕರೆ ಇರಬಹುದು.

ಡಿಸೆಂಬರ್ 26, ಶುಕ್ರವಾರ

ರಾತ್ರಿ ಬಸ್ಸಿಗೆ ಟಿಕೆಟ್. ಬೆಳಗ್ಗೆ ಸಾಮಾನು ಕೊಳ್ಳಲು ಹೊರಗೆ ಹೋದರೆ ಕೆಲವು ಅಂಗಡಿಗಳಲ್ಲಿ ಕ್ರಿಸ್‌ಮಸ್ ಮರ ಆಗಲೇ ಮಾಯ. ಅದರ ಜಾಗದಲ್ಲಿ ಹೊಸ ವರ್ಷದ ಬೋರ್ಡು. ಅದನ್ನು ಬಾಯಮ್ಮನಿಗೆ ಹೇಳಿದೆ.

"ಅವರಿಗೆ ನಿನ್ನೆಗೆ ಮುಗೀತು. ನಮಗೆ ನಿನ್ನೆಯಿಂದ ಶುರು" ಅಂದರು.

ಲೆಕ್ಕ ಹೀಗಿದೆ. ಹಬ್ಬದ ಕಾಲ ಶುರುವಾಗುವುದೇ 24ರ ರಾತ್ರಿ. ಆಮೇಲೆ ಎಂಟು ದಿನವೂ ಹಬ್ಬವೇ. ಅದರ ಎರಡನೇ ದಿನ, ಅಂದರೆ ಇವತ್ತು, ಕಲ್ಲೆಸೆತಕ್ಕೆ ಸಿಕ್ಕಿ ಸತ್ತ ಸಂತ ಸ್ತೇಫನನ ದಿನ. ಬೆಳಗ್ಗೆ ಚರ್ಚಿನಲ್ಲಿ ಬಿಳಿ ಹೋಗಿ ರಕ್ತದ ಕೆಂಪು ಬಟ್ಟೆ. ಸಂಭ್ರಮದ ಮರುದಿನವೇ ಇದನ್ನು ಯಾಕೆ ಇಟ್ಟರೋ ಅಂತ ಹೆಂಡತಿ ಬೇಸರಪಟ್ಟಳು. ಬೆಳಕನ್ನು ನಂಬಿದರೆ ಬೆಲೆ ತೆರಬೇಕಾಗಬಹುದು ಅಂತ ಮೊದಲೇ ಹೇಳಿಬಿಡುತ್ತಾರೆ ಅಂದ ಗೆಳೆಯ. ಜ್ಞಾನಿಗಳ ಹಬ್ಬ ಜನವರಿ 4ರ ಭಾನುವಾರ. ಬಾಯಮ್ಮನ ಮೂವರು ರಾಜರು ಇನ್ನೂ ಗೋದಲಿಗೆ ಬಂದಿಲ್ಲ. ಕಿಟಕಿಯ ಮೇಲೆ ಇದ್ದಾರೆ, ದಿನಾ ಸ್ವಲ್ಪ ಸ್ವಲ್ಪ ಮುಂದೆ ಸರಿಸುತ್ತಾರಂತೆ. ಜನವರಿ 11ಕ್ಕೆ ಯೇಸುವಿನ ಸ್ನಾನದೀಕ್ಷೆಯ ಹಬ್ಬ, ಅಲ್ಲಿಗೆ ಕ್ರಿಸ್‌ಮಸ್ ಕಾಲ ಮುಗಿಯಿತು. ಅಂಗಳದ ನಕ್ಷತ್ರ ಇಳಿಸುವುದು ಆವಾಗಲೇ.

"ಅಲ್ಲಿಗೆ ದೀಪ ಎಲ್ಲ ಮುಗೀತಾ?" ಅಂತ ಹೆಂಡತಿ ಕೇಳಿದಳು.

"ಇಲ್ಲ ಮಗಾ, ಒಂದು ಉಂಟು."

ಬಾಯಮ್ಮ ಒಳಗೆ ಹೋಗಿ ಒಂದು ಮೋಂಬತ್ತಿ ತಂದರು. ಬಿಳಿ, ದಪ್ಪ, ಅರ್ಧ ಉರಿದದ್ದು. ಕ್ರಿಸ್‌ಮಸ್ ಆಗಿ ನಲವತ್ತು ದಿನಕ್ಕೆ, ಫೆಬ್ರವರಿ 2ರಂದು, ಮಗುವನ್ನು ಜೆರುಸಲೇಮಿನ ದೇವಾಲಯಕ್ಕೆ ತಂದ ದಿನದ ನೆನಪು. ಮುದುಕ ಸಿಮೆಯೋನ್ ಮಗುವನ್ನು ಎತ್ತಿಕೊಂಡು, ಎಲ್ಲ ಜನಾಂಗಗಳಿಗೂ ಬೆಳಕು ಇದು, ಇನ್ನು ನಾನು ನೆಮ್ಮದಿಯಿಂದ ಹೋಗಬಹುದು ಅಂದ. ಆ ದಿನ ಚರ್ಚಿನಲ್ಲಿ ಮೋಂಬತ್ತಿಗಳನ್ನು ಆಶೀರ್ವದಿಸಿ, ಹಚ್ಚಿಕೊಂಡು ಮೆರವಣಿಗೆ ಮಾಡುತ್ತಾರೆ. ಉಳಿದದ್ದನ್ನು ಮನೆಗೆ ತಂದು ಇಟ್ಟುಕೊಳ್ಳುತ್ತಾರೆ. ಗುಡುಗು ಸಿಡಿಲು ಜೋರಾದಾಗ ಹಚ್ಚುವುದಿದೆ. ಮನೆಯಲ್ಲಿ ಯಾರಾದರೂ ಕೊನೆಯುಸಿರು ಎಳೆಯುವಾಗಲೂ ಹಚ್ಚುತ್ತಾರೆ.

"ಇದು ಅಪ್ಪ ಹೋಗುವಾಗ ಹಚ್ಚಿದ್ದು" ಅಂದ ಗೆಳೆಯ.

ಬಾಯಮ್ಮ ಅದನ್ನು ವಾಪಸು ಇಟ್ಟು ಬಂದು, ಕುಸ್ವಾರ್ ಡಬ್ಬಿ ಕಟ್ಟಲು ಕೂತರು. ನೆವ್ರಿ ಮೊದಲು ತಿನ್ನಿ, ಕಾಯಿ ಹಾಕಿದ್ದು ಬೇಗ ಹಾಳಾಗ್ತದೆ, ಕಿಡಿಯೊ ತಿಂಗಳು ಇರ್ತದೆ ಅಂದರು. ಫೆಬ್ರವರಿ 2ಕ್ಕೆ ಬನ್ನಿ ಅಂತಲೂ ಅಂದರು. ಆವತ್ತು ಲೈಟಿಂಗ್ಸ್ ಏನೂ ಇರುವುದಿಲ್ಲವಂತೆ. ಹೆಂಡತಿ ಮೊಬೈಲಿನಲ್ಲಿ ಕ್ಯಾಲೆಂಡರ್ ತೆಗೆದಳು. ಸೋಮವಾರ ಬಿದ್ದಿದೆ. ಭಾನುವಾರ ರಾತ್ರಿ ಬಸ್ ಹತ್ತಿದರೆ ಆಗುತ್ತೆ ಅಂದಳು.